ಕಪ್ಪು ಪರದೆಯ ಮೇಲೆ ಮಲೆನಾಡಿನ ಭೂಪಟ

ಮೂಡಿಗೆರೆ, ಕಳಸದ ಕಡೆಯ ಬೆಟ್ಟಸಾಲಿನ ಮೇಲೆ ಬೀಳುವ ಮಳೆಹನಿಗೆ ಮೂರು ದಾರಿಗಳಿವೆ. ಹೇಮಾವತಿಯನ್ನು ಸೇರಿದರೆ ಅದು ಕಾವೇರಿಗೆ ಹೋಗುತ್ತದೆ. ಭದ್ರೆಗೆ ಇಳಿದರೆ ತುಂಗಭದ್ರೆಯ ಮೂಲಕ ಕೃಷ್ಣೆಗೆ. ಪಶ್ಚಿಮಕ್ಕೆ ಜಾರಿದರೆ ನೇತ್ರಾವತಿಯ ಜೊತೆ ಅರಬ್ಬಿ ಸಮುದ್ರಕ್ಕೆ. ಈ ನೀರುಗಳನ್ನು ಬೇರ್ಪಡಿಸುವ ಗೆರೆ ಯಾವ ಗುಡ್ಡದ ನೆತ್ತಿಯ ಮೇಲೆ ಹಾದುಹೋಗುತ್ತದೆ? ಇದನ್ನು ವಿದ್ಯಾರ್ಥಿಗಳೇ ಕಂಪ್ಯೂಟರಿನಲ್ಲಿ ಕಂಡುಹಿಡಿಯಬಹುದು. ಅದಕ್ಕೆ ಹಣ ಕೊಟ್ಟು ತಂತ್ರಾಂಶ ಕೊಳ್ಳಬೇಕಾಗಿಲ್ಲ.

ಅಂಥ ಒಂದು ಉಚಿತ ತಂತ್ರಾಂಶದ ಹೆಸರು ‘ಗ್ರಾಸ್’. ಅಮೆರಿಕದ ಸೇನೆಯ ಸಂಶೋಧನಾಲಯವೊಂದು 1982ರಲ್ಲಿ ತನ್ನ ಭೂಮಿಯ ನಿರ್ವಹಣೆಗಾಗಿ ಇದನ್ನು ಆರಂಭಿಸಿತು. 1999ರಿಂದ ಇದು ಮುಕ್ತ ಪರವಾನಗಿಯಲ್ಲಿದೆ. ಯಾರು ಬೇಕಾದರೂ ಬಳಸಬಹುದು, ಒಳಗಿನ ಬರಹವನ್ನು ಓದಿ ತಿದ್ದಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ.ವಿ. ರಾಮಚಂದ್ರ ಅವರ ತಂಡ ಪಶ್ಚಿಮ ಘಟ್ಟದ ಅಧ್ಯಯನಗಳಲ್ಲಿ ಇದನ್ನು ಬಳಸಿದೆ.

ಆದೇಶದ ಸಾಲು

ಮೌಸ್ ಒತ್ತಿ ಚಿತ್ರಗಳ ಮೂಲಕವೂ ಗ್ರಾಸ್ ತೆರೆಯಬಹುದು. ಆದರೆ ಕಪ್ಪು ಪರದೆಯಲ್ಲಿ ಆದೇಶವನ್ನು ಟೈಪು ಮಾಡಿ ತೆರೆಯುವುದರಿಂದ ಕಲಿಯುವುದು ಹೆಚ್ಚು. ‘ಗ್ರಾಸ್’ ಎಂದು ಬರೆದು, ಜಾಗ ಬಿಟ್ಟು, ಎರಡು ಕಿರುಗೆರೆಗಳ ಜೊತೆ ‘ಟೆಕ್ಸ್ಟ್’ ಎಂದು ಸೇರಿಸಿದರೆ ಕಿಟಕಿಗಳಿಲ್ಲದೆ ಅಕ್ಷರಗಳಲ್ಲೇ ಕೆಲಸ ಶುರುವಾಗುತ್ತದೆ. ಮೊದಲ ಸಲ ‘-ಸಿ’ ಎಂಬ ಸೂಚನೆಯಿಂದ ಹೊಸ ಕಡತಕೋಶ ಮಾಡಿ, ಭೂಮಿಯ ಯಾವ ಅಳತೆಪದ್ಧತಿ ಬೇಕೆಂದು ಹೇಳಬೇಕು. ಚಿಕ್ಕಮಗಳೂರು ಜಿಲ್ಲೆ 72ರಿಂದ 78 ಡಿಗ್ರಿ ಪೂರ್ವ ರೇಖಾಂಶದ ಪಟ್ಟಿಯಲ್ಲಿ ಬರುವುದರಿಂದ ಅದರ ಸಂಕೇತ ‘ಇಪಿಎಸ್‌ಜಿ:32643’.

ಮುಂದಿನ ಆದೇಶಗಳ ಹೆಸರುಗಳಲ್ಲೂ ಕ್ರಮವಿದೆ. ‘ಆರ್’ನಿಂದ ಶುರುವಾದವು ಚೌಕಗಳ ನಕ್ಷೆಗೆ, ‘ವಿ’ಯವು ಗೆರೆ-ಬಿಂದುಗಳಿಗೆ, ‘ಜಿ’ಯವು ಸಾಮಾನ್ಯ ಕೆಲಸಕ್ಕೆ. ‘ಆರ್.ಇಂಪೋರ್ಟ್’ ಎತ್ತರದ ಮಾಹಿತಿಯನ್ನು ಒಳತರುತ್ತದೆ. ‘ಜಿ.ರೀಜನ್’ ಲೆಕ್ಕದ ಎಲ್ಲೆಯನ್ನು ಗೊತ್ತುಮಾಡುತ್ತದೆ. ಇದನ್ನು ಮರೆತರೆ ಯಂತ್ರ ಬೇರಾವುದೋ ಎಲ್ಲೆಯೊಳಗೆ ಲೆಕ್ಕ ಹಾಕೀತು! ‘ಆರ್.ಸ್ಲೋಪ್.ಆಸ್ಪೆಕ್ಟ್’ ಇಳಿಜಾರನ್ನೂ, ‘ಆರ್.ವಾಟರ್‌ಶೆಡ್’ ಜಲಾನಯನಗಳನ್ನೂ ಬಿಡಿಸುತ್ತದೆ.

ಎತ್ತರದ ಮಾಹಿತಿ ಬಂದದ್ದು ಆಕಾಶದಿಂದ. 2000ದ ಫೆಬ್ರವರಿಯಲ್ಲಿ ಎಂಡೀವರ್ ನೌಕೆ 11 ದಿನಗಳ ಯಾನದಲ್ಲಿ ರೇಡಾರ್‌ನಿಂದ ಭೂಮಿಯನ್ನು ಅಳೆಯಿತು. ಅದರ ಮಾಹಿತಿಯಲ್ಲಿ ಸುಮಾರು 30 ಮೀಟರ್ ಚೌಕಕ್ಕೆ ಒಂದು ಎತ್ತರವಿದೆ. ಒಂದು ಚೌಕ 900 ಚದರ ಮೀಟರ್. ‘ಕನಿಷ್ಠ 10,000 ಚೌಕಗಳ ಜಲಾನಯನ’ ಎಂದು ಕೇಳಿದರೆ ಅದು 9 ಚದರ ಕಿಲೋಮೀಟರ್ ಆಗುತ್ತದೆ. ಗಣಿತದ ತರಗತಿಗೆ ಇದು ಒಳ್ಳೆಯ ಲೆಕ್ಕ.

ಟೈಪು ಮಾಡಿದ ಆದೇಶಗಳನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಇನ್ನೊಂದು ತಾಲ್ಲೂಕಿಗೂ ಅವನ್ನೇ ಓಡಿಸಬಹುದು. ಪ್ರಯೋಗದ ಪುಸ್ತಕದಂತೆ, ತಪ್ಪು ಎಲ್ಲಾಯಿತೆಂದು ಹಿಂದಿರುಗಿ ನೋಡಲೂಬಹುದು.

ನಕ್ಷೆ ಹೇಳದಿರುವುದು

2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ ಮೊದಲಾದೆಡೆ ಗುಡ್ಡ ಕುಸಿದು ಮನೆಗಳು ಹಾಳಾದವು. ಹಾಗಾಗಿ ಇಳಿಜಾರಿನ ನಕ್ಷೆ ಇಲ್ಲಿ ಬರೀ ಪಾಠವಲ್ಲ. ಆದರೆ ಅದನ್ನು ಭವಿಷ್ಯವಾಣಿ ಎಂದೂ ತಿಳಿಯಬಾರದು. ಮನೆಗಾಗಿ ಕಡಿದ ದರೆ 30 ಮೀಟರ್ ಚೌಕದಲ್ಲಿ ಕಾಣದೆ ಹೋಗಬಹುದು. ಕಾಫಿ ತೋಟದ ನೆರಳುಮರಗಳು ದಟ್ಟವಾಗಿರುವಲ್ಲಿ ರೇಡಾರ್ ನೆಲವನ್ನು ಪೂರ್ತಿ ಮುಟ್ಟದೆ ಮರದ ಎತ್ತರವನ್ನೂ ಸೇರಿಸಿಕೊಂಡಿರುತ್ತದೆ. ಮಣ್ಣಿನ ಆಳ, ಮಳೆಯ ಪ್ರಮಾಣ, ಮುಚ್ಚಿಹೋದ ಚರಂಡಿ ಇವೆಲ್ಲ ಇಳಿಜಾರಿನ ಲೆಕ್ಕದ ಹೊರಗಿವೆ.

ಆದ್ದರಿಂದ ನಕ್ಷೆ ಸಿದ್ಧವಾದ ಮೇಲೆ ಮಕ್ಕಳು ಅದನ್ನು ಹಿಡಿದು ದೊಡ್ಡವರ ಜೊತೆ, ಮಳೆಗಾಲ ಕಳೆದ ಮೇಲೆ, ಊರಿನ ಹಳ್ಳದ ಜಾಡಿನಲ್ಲಿ ನಡೆಯಬೇಕು. ಯಂತ್ರ ಗೆರೆ ಎಳೆದಲ್ಲೇ ನೀರು ಹರಿಯುತ್ತಿದೆಯೇ, ಕಡಿದಾದ ಇಳಿಜಾರು ಎಂದು ತೋರಿಸಿದ ಜಾಗದ ಕೆಳಗೆ ಮನೆಗಳಿವೆಯೇ ಎಂದು ನೋಡಿ ಗುರುತಿಸಬೇಕು. ಹಿಂದೆ ಎಲ್ಲಿ ದರೆ ಜರಿದಿತ್ತು ಎಂಬುದು ಊರಿನ ಹಿರಿಯರಿಗೆ ನೆನಪಿರುತ್ತದೆ. ಅದನ್ನು ಕೇಳಿ ನಕ್ಷೆಗೆ ಸೇರಿಸುವ ಕೆಲಸವನ್ನು ತಂದೆತಾಯಿಗಳೂ ಜೊತೆಗೂಡಿ ಮಾಡಬಹುದು.