ಬೊಟ್ಟು ಯಾರತ್ತ? ರಾಣಿಯ ಕಾಲದ ಅಪರಾಧ ಕಥೆಗಳೂ ನಮ್ಮ ಮನೆಯ ನೋಡುಗರೂ

ರಾತ್ರಿಯ ಊಟ ಮುಗಿದ ಮೇಲೆ ಮನೆಮಂದಿಯೆಲ್ಲ ಟಿ.ವಿ.ಯ ಮುಂದೆ ಕೂಡುವುದು ಇಂದು ನಮ್ಮ ಕುಟುಂಬಗಳ ದಿನಚರಿಯೇ ಆಗಿದೆ. ದಾಂಡೇಲಿಯ ಕಾಗದ ಕಾರ್ಖಾನೆಯ ನೌಕರರ ಮನೆಗಳಿರಲಿ, ಹಳಿಯಾಳ, ಮುಂಡಗೋಡಗಳ ಪೇಟೆಗಳಿರಲಿ, ಜೋಯಿಡಾದ ಕಾಡಂಚಿನ ಹಳ್ಳಿಗಳಿರಲಿ, ಪತ್ತೇದಾರಿ ಕಥೆಯೆಂದರೆ ಎಲ್ಲರಿಗೂ ಕುತೂಹಲ. ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ನನ್ನು ಓದಿದ ಹಿರಿಯರೂ, 1993ರಲ್ಲಿ ದೂರದರ್ಶನದಲ್ಲಿ ಬಂದ ‘ಬ್ಯೋಮಕೇಶ್ ಬಕ್ಷಿ’ಯನ್ನು ನೋಡಿದವರೂ ನಮ್ಮಲ್ಲಿದ್ದಾರೆ. ಈಗಿನ ಮಕ್ಕಳಿಗಾದರೋ ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ ನಗರವೂ ಕೈಯೊಳಗಿನ ಮೊಬೈಲಿನಲ್ಲಿಯೇ ತೆರೆದುಕೊಳ್ಳುತ್ತದೆ.

ಅಂಥ ಧಾರಾವಾಹಿಗಳಲ್ಲಿ ಹೆಸರಾದದ್ದು ಬಿ.ಬಿ.ಸಿ.ಯ ‘ರಿಪ್ಪರ್ ಸ್ಟ್ರೀಟ್’. 2012ರ ಡಿಸೆಂಬರ್ ಕೊನೆಯಲ್ಲಿ ಆರಂಭವಾದ ಇದರ ಕಥೆ ನಡೆಯುವುದು ಪೂರ್ವ ಲಂಡನ್ನಿನ ಬಡವರ ಕೇರಿಯಾದ ವೈಟ್‌ಚಾಪೆಲ್‌ನಲ್ಲಿ. 1888ರಲ್ಲಿ ಅಲ್ಲಿ ಬಡ ಹೆಣ್ಣುಮಕ್ಕಳ ಸರಣಿ ಕೊಲೆಗಳಾದವು. ಕೊಲೆಗಾರ ಯಾರೆಂಬುದು ಕೊನೆಗೂ ಬಯಲಾಗಲಿಲ್ಲ. ಅದರ ಮರುವರ್ಷ ಆ ಕೇರಿಯನ್ನು ಕಾಯುವ ಪೊಲೀಸರ ಬವಣೆಯೇ ಈ ಧಾರಾವಾಹಿಯ ವಸ್ತು. ಇದರ ಇನ್‌ಸ್ಪೆಕ್ಟರ್ ಎಡ್ಮಂಡ್ ರೀಡ್ ನಿಜವಾಗಿಯೂ ಇದ್ದ ಅಧಿಕಾರಿ. ಆ ಪಾತ್ರವನ್ನು ಮ್ಯಾಥ್ಯೂ ಮ್ಯಾಕ್‌ಫೇಡಿಯನ್ ವಹಿಸಿದ್ದಾರೆ.

ನೋಡುಗರ ಅಭಿಪ್ರಾಯಗಳು ಒಂದೇ ಬಗೆಯವಾಗಿರಲಿಲ್ಲ. ಅಭಿನಯವನ್ನೂ ಹಳೆಯ ಕಾಲದ ಗತ್ತಿನ ಸಂಭಾಷಣೆಯನ್ನೂ ಹಲವರು ಮೆಚ್ಚಿದರು. ಹೆಣ್ಣುಮಕ್ಕಳ ಮೇಲಿನ ಹಿಂಸೆಯನ್ನು ಇಷ್ಟು ಬಿಚ್ಚಿ ತೋರಿಸಬೇಕೇ ಎಂದು ಕೆಲವರು ಆಕ್ಷೇಪಿಸಿದರು. 2013ರಲ್ಲಿ, ಎರಡನೆಯ ಸರಣಿಯ ನಂತರ, ಪ್ರೇಕ್ಷಕರ ಸಂಖ್ಯೆ ಸಾಲದೆಂದು ಬಿ.ಬಿ.ಸಿ. ಇದನ್ನು ಕೈಬಿಟ್ಟಾಗ ಅಭಿಮಾನಿಗಳು ಮನವಿ ಸಲ್ಲಿಸಿದರು. ಮರುವರ್ಷ ಅಮೆಜಾನ್ ಸಂಸ್ಥೆ ಇದನ್ನು ಮುಂದುವರಿಸಿತು; ಒಟ್ಟು ಐದು ಸರಣಿಗಳಾಗಿ 2016ರಲ್ಲಿ ಮುಗಿಯಿತು. ಹಿಂದೆ 1893ರಲ್ಲಿ ಕಾನನ್ ಡಾಯ್ಲ್ ತನ್ನ ಷೆರ್ಲಾಕ್ ಹೋಮ್ಸ್‌ನನ್ನು ಕಥೆಯಲ್ಲಿ ಕೊಂದಾಗಲೂ ಓದುಗರು ಮುನಿದಿದ್ದರು. 1903ರಲ್ಲಿ ಅವನನ್ನು ಮತ್ತೆ ಬದುಕಿಸಿ ತರಬೇಕಾಯಿತು. ನೋಡುಗರ, ಓದುಗರ ಮಾತಿಗೆ ಅಷ್ಟು ಬಲವುಂಟು.

ಹಾಗಾದರೆ ನಾವು ಆಡಬೇಕಾದ ಮಾತು ಯಾವುದು? ಕಥೆ ರೋಚಕವೇ, ಮನೆಮಂದಿ ಕೂಡಿ ನೋಡುವಂಥದೇ ಎಂದು ಕೇಳುವುದು ಸರಿಯೇ. ಆದರೆ ಅದಕ್ಕಿಂತ ದೊಡ್ಡ ಪ್ರಶ್ನೆಯೊಂದಿದೆ: ಅಪರಾಧಿಯೆಂದು ಬೊಟ್ಟು ಮಾಡುವುದು ಯಾರತ್ತ?

ವೈಟ್‌ಚಾಪೆಲ್‌ನ ನಿಜ ಘಟನೆಯನ್ನೇ ನೋಡೋಣ. 1888ರಲ್ಲಿ ಕೊಲೆಗಾರ ಸಿಗದಿದ್ದಾಗ ಜನರ ಸಂಶಯ ತಿರುಗಿದ್ದು ವಲಸೆ ಬಂದ ಬಡ ಯಹೂದಿಗಳತ್ತ. ಜಾನ್ ಪೈಜರ್ ಎಂಬ ಬೂಟು ತಯಾರಿಸುವ ಕಾರ್ಮಿಕನನ್ನು ಪೊಲೀಸರು ಹಿಡಿದರು. ಕೊಲೆಗಳ ವೇಳೆಯಲ್ಲಿ ಅವನು ಬೇರೆಡೆ ಇದ್ದನೆಂದು ಸಿದ್ಧವಾಗಿ ಬಿಡುಗಡೆಯಾಯಿತು.

ಅದೇ ರಾಣಿಯ ಆಳಿಕೆಯಲ್ಲಿ, 1871ರಲ್ಲಿ, ನಮ್ಮ ದೇಶದಲ್ಲಿ ‘ಅಪರಾಧಿ ಬುಡಕಟ್ಟು’ಗಳ ಕಾಯಿದೆ ಜಾರಿಗೆ ಬಂತು. ಮೊದಲು ಉತ್ತರ ಭಾರತದಲ್ಲಿದ್ದ ಇದನ್ನು 1911ರ ಕಾಯಿದೆ ದೇಶಕ್ಕೆಲ್ಲ ಹಬ್ಬಿಸಿತು. ಕಳವು ಮಾಡಿದವನು ಮಾತ್ರವಲ್ಲ, ಪಟ್ಟಿಗೆ ಸೇರಿದ ಸಮುದಾಯದಲ್ಲಿ ಹುಟ್ಟಿದ ಕೂಸೂ ಸರಕಾರದ ಕಣ್ಣಿಗೆ ಹುಟ್ಟಾ ಅಪರಾಧಿ! ಹಳಿಯಾಳ, ಮುಂಡಗೋಡಗಳವರು ಸಂತೆ, ಆಸ್ಪತ್ರೆಗೆಂದು ಹೋಗಿಬರುವ ಹುಬ್ಬಳ್ಳಿಯಲ್ಲಿಯೂ ಅಂಥ ಕುಟುಂಬಗಳನ್ನು ಕೂಡಿಹಾಕಿದ ವಸತಿಯಿತ್ತು. ಊರ ಜನರ ಬಾಯಲ್ಲಿ ಆ ಭಾಗಕ್ಕೆ ‘ಸೆಟ್ಲಮೆಂಟ್’ ಎಂಬ ಹೆಸರು ಉಳಿದುಬಂದಿದೆ. ಅಲ್ಲಿಯವರು ಹಾಜರಿ ಕೊಡಬೇಕಿತ್ತು. ಅಪ್ಪಣೆಯಿಲ್ಲದೆ ಊರು ದಾಟುವಂತಿರಲಿಲ್ಲ. 1952ರಲ್ಲಿ ಸ್ವತಂತ್ರ ಭಾರತ ಆ ಕಾಯಿದೆಯನ್ನು ರದ್ದುಗೊಳಿಸಿತು. ಆದರೆ ಮನಸ್ಸಿನೊಳಗಿನ ಪಟ್ಟಿ ರದ್ದಾಗಿದೆಯೇ? ಜಾತ್ರೆಯಲ್ಲಿ ಸರವೊಂದು ಕಳುವಾದರೆ ಮೊದಲ ನೋಟ ಹರಿಯುವುದು ಬಯಲಲ್ಲಿ ಗುಡಾರ ಹಾಕಿದ ಅಲೆಮಾರಿಗಳತ್ತವಲ್ಲವೇ?

ಈ ಪ್ರಶ್ನೆಯನ್ನು ಕೇಳಿಕೊಳ್ಳಲು ನಮಗಿಂತ ಹೆಚ್ಚಿನ ಕಾರಣ ಇನ್ನಾರಿಗಿದೆ? ಜೋಯಿಡಾ ತಾಲೂಕಿನ ಉಳವಿಗೆ ವರುಷ ವರುಷವೂ ಚಕ್ಕಡಿ ಕಟ್ಟಿಕೊಂಡು ಹೋಗುವ ಭಕ್ತರು ಒಮ್ಮೆ ನೆನೆಯಬೇಕು. ಕಲ್ಯಾಣದ ಕ್ರಾಂತಿಯ ನಂತರ ಚೆನ್ನಬಸವಣ್ಣನವರೊಡನೆ ಈ ಕಾಡಿಗೆ ಬಂದ ಶರಣರ ಬೆನ್ನಟ್ಟಿ ಅರಸನ ಸೈನ್ಯ ಬಂದಿತ್ತೆಂದು ನಮ್ಮ ಪರಂಪರೆ ಹೇಳುತ್ತದೆ. ಅಂದಿನ ಪ್ರಭುತ್ವದ ಲೆಕ್ಕದಲ್ಲಿ ಆ ಮಹಾತ್ಮರೂ ತಪ್ಪಿತಸ್ಥರೇ ಆಗಿದ್ದರು. ಕನ್ನ ಹಾಕುವ ವೃತ್ತಿಯಿಂದ ಬಂದ ಮಾರಿತಂದೆಯನ್ನು ಶರಣರು ದೂರವಿಡಲಿಲ್ಲ. ‘ಕನ್ನದ ಮಾರಿತಂದೆ’ಯೆಂದೇ ವಚನಕಾರರ ಸಾಲಿನಲ್ಲಿ ಅವನ ಹೆಸರು ನಿಂತಿದೆ. ಹುಟ್ಟಿನಿಂದ ಯಾರೂ ಕಳ್ಳರಲ್ಲವೆಂಬುದಕ್ಕೆ, ನಡೆ ಬದಲಾದರೆ ಮನುಷ್ಯನೂ ಬದಲಾಗುತ್ತಾನೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಆದ್ದರಿಂದ ಇಂಥ ಧಾರಾವಾಹಿಗಳನ್ನು ನೋಡಲೇಬಾರದೆಂದು ಹೇಳುವುದು ಸಲ್ಲದು. ಎಳೆಯ ಮಕ್ಕಳಿಗೆ ಅವು ತಕ್ಕವಲ್ಲ. ಹಿಂಸೆಯ ದೃಶ್ಯಗಳಿಂದ ಅವರನ್ನು ದೂರವಿಡುವುದೇ ಲೇಸು. ಬೆಳೆದ ಮಕ್ಕಳು ನೋಡುವುದಾದರೆ ತಂದೆ ತಾಯಿಗಳೂ ಜೊತೆಗೆ ಕೂಡಲಿ. ಕಥೆ ಮುಗಿದ ಮೇಲೆ ಕಳ್ಳನನ್ನು ಹೇಗೆ ಹಿಡಿದರೆಂದು ಮಾತ್ರ ಕೇಳದೆ, ಯಾರನ್ನು ಸುಮ್ಮನೆ ಶಂಕಿಸಿದರು, ಏಕೆ ಶಂಕಿಸಿದರು ಎಂದೂ ಕೇಳಲಿ. ಪುರಾವೆ ನೋಡಿ ನಿರ್ಣಯಿಸುವುದು, ಕುಲ ನೋಡಿ ನಿರ್ಣಯಿಸದಿರುವುದು: ಈ ಒಂದು ಪಾಠ ಮನೆಯ ಮಕ್ಕಳಿಗೆ ದಕ್ಕಿದರೆ ಟಿ.ವಿ.ಯ ಮುಂದೆ ಕಳೆದ ಹೊತ್ತು ವ್ಯರ್ಥವಾಗಲಾರದು.