ಹೋಯಾ ಬಳ್ಳಿ: ನೀರಿಗೆ ಅವಸರ ಬೇಡ, ಹೂವಿನ ತೊಟ್ಟಿಗೆ ಕತ್ತರಿ ಬೇಡ

ಶೇಡ್ ನೆಟ್ ಹಾಕಿಕೊಂಡು ಅಲಂಕಾರಿಕ ಗಿಡ ಮಾರಲು ಶುರು ಮಾಡಿರುವ ಹುಡುಗರು ಇತ್ತೀಚೆಗೆ ಹೋಯಾ ಬಗ್ಗೆ ನನ್ನನ್ನು ಕೇಳುತ್ತಿರುತ್ತಾರೆ. ತೂಗುಕುಂಡದಿಂದ ಇಳಿಬೀಳುವ ದಪ್ಪ ಎಲೆಯ ಬಳ್ಳಿ, ಮೇಣದಲ್ಲಿ ಮಾಡಿಟ್ಟಂಥ ನಕ್ಷತ್ರ ಹೂಗಳ ಗೊಂಚಲು, ಸಂಜೆ ಆದ್ರೆ ಘಮ ಬೇರೆ. ಒಂದು ತಾಯಿಬಳ್ಳಿಯಿಂದ ಹತ್ತಾರು ಸಸಿ ಮಾಡಬಹುದು. ಆದರೆ ಹೊಲದಲ್ಲಿ ಪಳಗಿದ ಕೈ ಈ ಗಿಡಕ್ಕೆ ಸ್ವಲ್ಪ ಅಪಾಯಾನೇ. ಟೊಮೆಟೊಗೆ ಕೊಟ್ಟ ಹಾಗೆ ದಿನಾ ನೀರು, ಬುಡಕ್ಕೆ ಕೊಟ್ಟಿಗೆ ಗೊಬ್ಬರ ಅಂತ ಕೊಟ್ಟರೆ ಮಳೆಗಾಲ ಮುಗಿಯುವಷ್ಟರಲ್ಲಿ ಬೇರು ಕೊಳೆತಿರುತ್ತೆ, ಹಾಕಿದ ದುಡ್ಡೂ ಹೋಗಿರುತ್ತೆ.

ಕಾರಣ ಇಷ್ಟೇ. ಹೋಯಾದಲ್ಲಿ ಬಹುಪಾಲು ಪ್ರಭೇದಗಳು ಕಾಡಿನಲ್ಲಿ ಮರದ ಮೇಲೆ ಹಬ್ಬಿ ಬದುಕುವಂಥವು, ನಮ್ಮ ಸೀತಾಳೆ ದಂಡೆಯ ಹಾಗೆ. ಪಶ್ಚಿಮ ಘಟ್ಟದಲ್ಲೂ ಕೆಲವು ಪ್ರಭೇದಗಳಿವೆ (ಅವನ್ನು ಕಿತ್ತು ತರೋಕೆ ಹೋಗಬೇಡಿ, ಮಾರಾಟಕ್ಕೆ ನರ್ಸರಿಯ ಗಿಡವೇ ಸರಿ). ತೊಗಟೆಗೆ ಅಂಟಿಕೊಂಡ ಬೇರು ಮಳೆ ಬಂದಾಗ ನೆನೆಯುತ್ತೆ, ಗಾಳಿಗೆ ಬೇಗ ಒಣಗುತ್ತೆ. ಕುಂಡದಲ್ಲೂ ಅದಕ್ಕೆ ಅಂಥದ್ದೇ ಜಾಗ ಬೇಕು.

ನಾನು ಬಳಸೋದು ತೆಂಗಿನ ಸಿಪ್ಪೆಯ ಚೂರು ಎರಡು ಪಾಲು, ಕೊಕೊಪೀಟ್ ಒಂದು ಪಾಲು, ಇದ್ದಿಲಿನ ಚೂರು ಒಂದು ಪಾಲು. ಸಿಪ್ಪೆ ಚೂರನ್ನು ಒಂದು ದಿನ ನೆನೆಸಿ, ಆ ಕಂದು ನೀರು ಚೆಲ್ಲಿ, ಇನ್ನೊಂದು ಸಲ ತೊಳೆದು ಹಾಕಿ. ಅದರಲ್ಲಿರುವ ಉಪ್ಪು ಬೇರಿಗೆ ಆಗಲ್ಲ. ಕುಂಡ ಚಿಕ್ಕದಿರಲಿ, ತಳದಲ್ಲಿ ತೂತು ಇರಲೇಬೇಕು. ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಜಾಗವೆಲ್ಲ ಒದ್ದೆಯಾಗೇ ಉಳಿಯುತ್ತೆ.

ನೀರು ಯಾವಾಗ ಕೊಡಬೇಕು ಅನ್ನೋದಕ್ಕೆ ವಾರದ ಲೆಕ್ಕ ಹೇಳೋದು ತಪ್ಪು. ಎಲೆಯನ್ನೇ ಕೇಳಿ. ಬಲಿತ ಎಲೆಯೊಂದನ್ನು ಎರಡು ಬೆರಳಲ್ಲಿ ಮೆಲ್ಲಗೆ ಮಡಚಲು ನೋಡಿ. ಗಟ್ಟಿಯಾಗಿದ್ದರೆ ಒಳಗೆ ನೀರಿದೆ, ಬಿಟ್ಟುಬಿಡಿ. ಸುಲಭವಾಗಿ ಬಾಗಿದರೆ ಕುಂಡದ ತಳದಿಂದ ಹರಿದು ಹೋಗುವಷ್ಟು ನೀರು ಕೊಡಿ. ಆದರೆ ಕುಂಡ ಒದ್ದೆಯಿದ್ದೂ ಎಲೆ ಸುಕ್ಕಾಗಿದೆ ಅಂದ್ರೆ ಬೇರು ಕೊಳೆಯುತ್ತಿದೆ. ಆಗ ಮತ್ತೆ ನೀರು ಹಾಕಬೇಡಿ, ಚೆನ್ನಾಗಿರುವ ತುದಿ ಕತ್ತರಿಸಿ ಹೊಸ ಸಸಿ ಮಾಡಿಕೊಳ್ಳಿ.

ಸಸಿ ಮಾಡೋದು ಕಷ್ಟವಲ್ಲ. ಎರಡು ಗಿಣ್ಣಿರುವ ತುಂಡು ತೆಗೆದುಕೊಳ್ಳಿ. ಹೋಯಾ ಎಕ್ಕದ ಗಿಡದ ಕುಟುಂಬಕ್ಕೇ ಸೇರಿದ್ದು, ಕತ್ತರಿಸಿದ ಕೂಡಲೇ ಹಾಲು ಸೋರುತ್ತೆ. ಅದನ್ನು ಒರೆಸಿ, ಒಂದೆರಡು ಗಂಟೆ ನೆರಳಲ್ಲಿ ಒಣಗಿಸಿ, ಒಂದು ಗಿಣ್ಣು ಒಳಗೆ ಹೋಗುವಂತೆ ನೆಡಿ. ಕಣ್ಣಿಗೆ ಹಾಲು ತಾಗದಂತೆ ಕೈ ತೊಳೆದುಕೊಳ್ಳಿ. ಸುಮಾರು ಒಂದು ತಿಂಗಳಲ್ಲಿ ಬೇರು ಬರುತ್ತೆ.

ಹೃದಯದ ಆಕಾರದ ಒಂದೇ ಎಲೆ ನೆಟ್ಟ ಪುಟ್ಟ ಕುಂಡಗಳನ್ನು ಪ್ರೇಮಿಗಳ ದಿನದ ಹೊತ್ತಿಗೆ ಮಾರುತ್ತಾರಲ್ಲ, ಅದು ಹೋಯಾ ಕೆರ್ರಿ. ಗಿಣ್ಣಿನ ತುಂಡು ಇಲ್ಲದಿದ್ದರೆ ಆ ಎಲೆ ಬೇರು ಬಿಟ್ಟು ವರ್ಷಗಟ್ಟಲೆ ಹಸಿರಾಗೇ ಇರುತ್ತೆ, ಬಳ್ಳಿ ಮಾತ್ರ ಆಗಲ್ಲ. ತಾಯಿಗಿಡ ಅಂತ ಅದನ್ನು ಕೊಳ್ಳಬೇಡಿ. ನೀವು ಮಾರುವುದಾದರೂ ಈ ವಿಷಯ ಹೇಳಿಯೇ ಮಾರಿ.

ಇನ್ನು ಕತ್ತರಿ ವಿಷಯ. ಎಲೆಯಿಲ್ಲದ ಉದ್ದನೆಯ ಬರಿ ಕುಡಿ ನೀಳವಾಗಿ ಹೊರಟರೆ ಒಣಗಿದ ಕಡ್ಡಿ ಅಂತ ಚಿವುಟಬೇಡಿ, ಎಲೆ ಆಮೇಲೆ ಬರುತ್ತೆ. ಹೂ ಉದುರಿದ ಮೇಲೆ ಉಳಿಯುವ ಮೋಟು ತೊಟ್ಟನ್ನೂ ಮುಟ್ಟಬೇಡಿ. ಗುಲಾಬಿ, ಸೇವಂತಿಗೆ ಬೆಳೆದವರಿಗೆ ಕೈ ತಡೆಯೋದು ಕಷ್ಟ, ನನಗೆ ಗೊತ್ತು. ಆದರೆ ಮುಂದಿನ ಸಲವೂ ಹೋಯಾ ಅದೇ ತೊಟ್ಟಿನ ತುದಿಯಲ್ಲಿ ಹೂ ಬಿಡುತ್ತೆ. ಅದನ್ನು ಕತ್ತರಿಸಿದರೆ ಗಿಡ ಹೊಸ ತೊಟ್ಟು ಕಟ್ಟುವ ತನಕ ಕಾಯಬೇಕು. ಸಾಮಾನ್ಯವಾಗಿ ಸಿಗುವ ಹೋಯಾ ಕಾರ್ನೋಸಾ ಮೊದಲ ಹೂ ಬಿಡೋಕೇ ಎರಡು ಮೂರು ವರ್ಷ ತೆಗೆದುಕೊಳ್ಳುತ್ತೆ ಅನ್ನೋದು ನೆನಪಿರಲಿ. ಬೆಳಗಿನ ಎಳೆ ಬಿಸಿಲು, ಉಳಿದ ಹೊತ್ತು ಒಳ್ಳೆ ಬೆಳಕಿನ ನೆರಳು ಇದ್ದರೆ ಹೂ ಬೇಗ. ಕತ್ತಲೆ ಮೂಲೆಯಲ್ಲಿ ಬಳ್ಳಿ ಬದುಕುತ್ತೆ ಅಷ್ಟೇ. ಗೊಬ್ಬರ ಅಂದ್ರೆ ಲೀಟರ್ ನೀರಿಗೆ 1 ಗ್ರಾಂ 19:19:19, ತಿಂಗಳಿಗೊಮ್ಮೆ, ಅದೂ ಹೊಸ ಚಿಗುರು ಬರುವ ಕಾಲದಲ್ಲಿ ಮಾತ್ರ.

ಎಕ್ಕದ ಕುಡಿಯಲ್ಲಿ ಮುತ್ತುವ ಹಳದಿ ಹೇನು ನೋಡಿರುತ್ತೀರಿ. ಅದೇ ಹೇನು ಹೋಯಾ ಚಿಗುರಿಗೂ ಬರುತ್ತೆ, ಹಾಗಾಗಿ ಶೇಡ್ ನೆಟ್ ಪಕ್ಕದ ಎಕ್ಕದ ಪೊದೆ ಮೇಲೆ ಒಂದು ಕಣ್ಣಿಡಿ. ಹಿಟ್ಟು ತಿಗಣೆ ಎಲೆಯ ಬುಡದಲ್ಲಿ ಬಿಳಿ ಹತ್ತಿಯಂತೆ ಕೂತಿರುತ್ತೆ. ಸ್ವಲ್ಪ ಇದ್ದಾಗಲೇ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಹೆಚ್ಚಾದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ.

ಮಾರುವಾಗ ಮೊಗ್ಗಿರುವ ಗಿಡ ಬೇಗ ಹೋಗುತ್ತೆ ನಿಜ, ಆದರೆ ಜಾಗ ಬದಲಾದರೆ ಮೊಗ್ಗು ಉದುರಬಹುದು. ಗಿರಾಕಿಗೆ ಕೊಡುವ ಮುಂಚೆಯೇ ಅದನ್ನು ಹೇಳಿಬಿಡಿ. ಆ ಮೋಟು ತೊಟ್ಟನ್ನೂ ತೋರಿಸಿ ಕಳಿಸಿ.