ಸಮುದಾಯ ಭವನದ ನಕ್ಷೆಯಲ್ಲಿ ಭೌತವಿಜ್ಞಾನ

ಮದುವೆಗೋ ಸಭೆಗೋ ಸಮುದಾಯ ಭವನಕ್ಕೆ ಹೋದಾಗ ಈ ದೃಶ್ಯವನ್ನು ನೀವೂ ಕಂಡಿರಬಹುದು. ಫ್ಯಾನುಗಳೆಲ್ಲ ತಿರುಗುತ್ತಿರುತ್ತವೆ. ಆದರೂ ಜನ ಲಗ್ನಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಿರುತ್ತಾರೆ. ಏಕೆ ಹೀಗೆ?

ಶಿವಮೊಗ್ಗದಿಂದ ವಾಸ್ತುಶಿಲ್ಪ ಓದಲು ಹೋಗಿರುವ ವಿದ್ಯಾರ್ಥಿನಿಯೊಬ್ಬಳು ರಜೆಯಲ್ಲಿ ನನ್ನ ಬಳಿ ಬಂದಳು. ಭದ್ರಾವತಿಯ ಬಡಾವಣೆಯೊಂದಕ್ಕಾಗಿ ‘ಸುಸ್ಥಿರ ಸಮುದಾಯ ಭವನ’ದ ನಕ್ಷೆ ಅವಳ ಕೈಯಲ್ಲಿತ್ತು. ಕಾಂಕ್ರೀಟ್ ತಾರಸಿ, ಒಳಗೆ ಹವಾನಿಯಂತ್ರಕ, ಮೇಲೆ ಸೌರಫಲಕಗಳು. “ಎಷ್ಟು ಫಲಕ ಬೇಕಾಗುತ್ತದೆ ಸಾರ್?” ಎಂಬುದು ಅವಳ ಪ್ರಶ್ನೆ. “ಒಳಗೆ ಎಷ್ಟು ಜನ ಕೂರುತ್ತಾರಮ್ಮ?” ಎಂದು ನಾನು ಕೇಳಿದೆ. “ಇನ್ನೂರು” ಎಂದಳು. ಲೆಕ್ಕ ಅಲ್ಲಿಂದಲೇ ಶುರುವಾಯಿತು.

ಜನರೇ ಒಲೆಗಳು

ಸುಮ್ಮನೆ ಕುಳಿತ ವಯಸ್ಕ ವ್ಯಕ್ತಿ ಸುಮಾರು 100 ವಾಟ್ ಉಷ್ಣವನ್ನು ಹೊರಸೂಸುತ್ತಾನೆ. ಅದರಲ್ಲಿ ಸುಮಾರು 70 ವಾಟ್ ನೇರವಾಗಿ ಸುತ್ತಲಿನ ಗಾಳಿಯನ್ನು ಬಿಸಿ ಮಾಡುತ್ತದೆ. ಉಳಿದದ್ದು ಬೆವರು ಮತ್ತು ಉಸಿರಿನ ತೇವದೊಂದಿಗೆ ಹೋಗುತ್ತದೆ. ಇನ್ನೂರು ಜನರೆಂದರೆ 14 ಕಿಲೋವಾಟ್! ಫ್ಯಾನು ಈ ಉಷ್ಣವನ್ನು ಹೊರಹಾಕುವುದಿಲ್ಲ. ಅದೇ ಗಾಳಿಯನ್ನು ಸುತ್ತಿಸಿ, ಬೆವರು ಬೇಗ ಆರಲು ನೆರವಾಗುತ್ತದೆ, ಅಷ್ಟೆ.

ಒಳಗಿನ ಉಷ್ಣತೆ ಹೊರಗಿಗಿಂತ 2 ಡಿಗ್ರಿಗಿಂತ ಹೆಚ್ಚು ಏರಬಾರದು ಎನ್ನೋಣ. ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1,200 ಜೌಲ್ ಬೇಕು. ಆದ್ದರಿಂದ ಸೆಕೆಂಡಿಗೆ 14,000 ÷ (1,200 × 2), ಎಂದರೆ ಸುಮಾರು 5.8 ಘನ ಮೀಟರ್ ಹೊಸ ಗಾಳಿ ಒಳಬರಬೇಕು. 20 ಮೀ. ಉದ್ದ, 10 ಮೀ. ಅಗಲ, ಸರಾಸರಿ 4 ಮೀ. ಎತ್ತರದ ಸಭಾಂಗಣದ ಗಾಳಿಯೆಲ್ಲ ಎರಡೂಕಾಲು ನಿಮಿಷಕ್ಕೊಮ್ಮೆ ಬದಲಾಗಬೇಕು.

ಕಿಟಕಿಯಲ್ಲಿ ಗಾಳಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಹಾಯ್ದರೆ 12 ಚದರ ಮೀಟರ್ ತೆರಪು ಸಾಕು: 1 ಮೀ. ಅಗಲ, 1.2 ಮೀ. ಎತ್ತರದ ಹತ್ತು ಕಿಟಕಿಗಳು, ಎದುರು ಗೋಡೆಯಲ್ಲೂ ಅಷ್ಟೇ. ಗಾಳಿ ಬೀಸದ ದಿನ? ಬಿಸಿ ಗಾಳಿ ಹಗುರ, ಅದು ಮೇಲೇರುತ್ತದೆ. ಕಿಟಕಿಗಳಿಗಿಂತ 4 ಮೀ. ಮೇಲೆ, ಮಾಡಿನ ನೆತ್ತಿಯಲ್ಲಿ ಉದ್ದಕ್ಕೂ ಕಿಂಡಿ ಇದ್ದರೆ ಈ ಎರಡು ಡಿಗ್ರಿ ವ್ಯತ್ಯಾಸವೇ ಗಾಳಿಯನ್ನು ಸೆಕೆಂಡಿಗೆ ಸುಮಾರು 0.3 ಮೀ. ವೇಗದಲ್ಲಿ ಎಳೆಯುತ್ತದೆ. ಆಗ ಕೆಳಗೂ ಮೇಲೂ 19 ಚದರ ಮೀಟರ್ ತೆರಪು ಬೇಕು. ಅವಳ ಮೊದಲ ನಕ್ಷೆಯಲ್ಲಿ ಮೇಲಿನ ಕಿಂಡಿಯೇ ಇರಲಿಲ್ಲ.

ಸೂರ್ಯ ಮತ್ತು ಮಾಡು

ಶಿವಮೊಗ್ಗ, ಭದ್ರಾವತಿಗಳು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ಮಧ್ಯದಲ್ಲಿ ನಡುಹಗಲ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಡಿಸೆಂಬರಿನಲ್ಲೂ ನಡುಹಗಲಲ್ಲಿ ದಕ್ಷಿಣಕ್ಕೆ ಸುಮಾರು 52 ಡಿಗ್ರಿ ಎತ್ತರದಲ್ಲಿರುತ್ತಾನೆ. ಹಾಗಾಗಿ ದಕ್ಷಿಣದ 1.2 ಮೀ. ಕಿಟಕಿಗೆ ಒಂದು ಮೀಟರಿಗೆ ತುಸು ಕಡಿಮೆ ಚಾಚಿದ ಸಜ್ಜ ಸಾಕು. ಆದರೆ ಬೆಳಗು–ಸಂಜೆಯ ಇಳಿಬಿಸಿಲನ್ನು ಸಜ್ಜ ತಡೆಯಲಾರದು. ಆದ್ದರಿಂದ ಭವನ ಪೂರ್ವ–ಪಶ್ಚಿಮವಾಗಿ ಉದ್ದಕ್ಕಿರಬೇಕು. ಕಿಟಕಿಗಳು ಉತ್ತರ, ದಕ್ಷಿಣಕ್ಕಿರಬೇಕು.

ಮಾಡಿನ ಪ್ರತಿ ಚದರ ಮೀಟರಿಗೆ ನಡುಹಗಲಲ್ಲಿ ಸುಮಾರು ಒಂದು ಕಿಲೋವಾಟ್ ಬಿಸಿಲು ಬೀಳುತ್ತದೆ. ಕಾಂಕ್ರೀಟ್ ತಾರಸಿ ಹಗಲಿನ ಉಷ್ಣವನ್ನು ಕೂಡಿಟ್ಟು ಸಂಜೆ ಒಳಕ್ಕೆ ಬಿಡುತ್ತದೆ, ಸರಿಯಾಗಿ ಆರತಕ್ಷತೆಯ ಹೊತ್ತಿಗೆ! ಆಗ ಸೌರಫಲಕವೂ ವಿದ್ಯುತ್ ಕೊಡುವುದಿಲ್ಲ. ಇಳಿಜಾರು ಹೆಂಚಿನ ಮಾಡು, ಅದರಡಿ ಗಾಳಿಯಾಡುವ ಒಳಹೊದಿಕೆ: ಮಲೆನಾಡಿನ ಮನೆಗಳ ಈ ಪಾಠ ಇಲ್ಲಿಗೂ ಸಲ್ಲುತ್ತದೆ.

ಗೋಡೆ ಮತ್ತು ನೀರು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಆಸ್ಟ್ರಾ’ ತಂಡ, ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆಗಳನ್ನು ಬಳಕೆಗೆ ತಂದಿತು. ಇವನ್ನು ಸುಡುವ ಅಗತ್ಯವಿಲ್ಲ. ಅಲ್ಲಿನ ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒಂದು ಘನ ಮೀಟರ್ ಸುಟ್ಟ ಇಟ್ಟಿಗೆಯ ಗೋಡೆಗೆ 2,141 ಮೆಗಾಜೌಲ್ ಶಕ್ತಿ ವ್ಯಯವಾದರೆ, ಶೇ. 6ರಷ್ಟು ಸಿಮೆಂಟ್ ಇರುವ ಮಣ್ಣಿನ ಇಟ್ಟಿಗೆಯ ಗೋಡೆಗೆ 646 ಮೆಗಾಜೌಲ್ ಸಾಕು.

ಕಬ್ಬಿಣದ ಊರಾದ ಭದ್ರಾವತಿಗೆ ಊದುಕುಲುಮೆಯ ಕಿಟ್ಟ ಹೊಸದಲ್ಲ. ಅಂಥ ಕಿಟ್ಟವನ್ನು ನುಣ್ಣಗೆ ಅರೆದು ಬೆರೆಸಿದ ಸ್ಲ್ಯಾಗ್ ಸಿಮೆಂಟಿನಲ್ಲಿ ಸುಣ್ಣಕಲ್ಲು ಸುಟ್ಟ ಕ್ಲಿಂಕರಿನ ಪಾಲು ಕಡಿಮೆ. ಇಂಗಾಲದ ಡೈಆಕ್ಸೈಡೂ ಕಡಿಮೆ. ಅಡಿಪಾಯಕ್ಕೆ ಇದು ಒಪ್ಪುತ್ತದೆ.

ಇನ್ನು ನೀರು. 200 ಚದರ ಮೀಟರ್ ಮಾಡಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ 20,000 ಲೀಟರ್. ಶೇ. 80ರಷ್ಟು ಹಿಡಿದರೂ 16,000 ಲೀಟರ್ ಕೈಗೆ ಸಿಗುತ್ತದೆ.

ಅವಳ ಎರಡನೆಯ ನಕ್ಷೆಯಲ್ಲಿ ಹವಾನಿಯಂತ್ರಕ ಇರಲಿಲ್ಲ. ದೀಪ, ಫ್ಯಾನು, ಪಂಪಿಗೆ ಬೇಕಾದಷ್ಟೇ ಫಲಕಗಳಿದ್ದವು. ವಿದ್ಯುತ್ ಬಿಲ್ಲು ಕಟ್ಟಲಾಗದೆ ಬೀಗ ಬೀಳುವ ಭವನ ಎಷ್ಟೇ ‘ಹಸಿರು’ ಎನಿಸಿಕೊಂಡರೂ ಊರಿಗೆ ಉಪಯೋಗವಿಲ್ಲ. ಕಟ್ಟಿದ ಮೇಲೆ ದಿಕ್ಕು ಬದಲಿಸಲಾಗದು, ಮಾಡನ್ನು ಎತ್ತರಿಸುವುದೂ ಕಷ್ಟ. ಸುಸ್ಥಿರತೆ ತೀರ್ಮಾನವಾಗುವುದು ಕಾಗದದ ಮೇಲೆಯೇ.

ಶಿಕ್ಷಕರು ಇದನ್ನೊಂದು ಚಟುವಟಿಕೆಯಾಗಿ ಮಾಡಿಸಬಹುದು. ನಿಮ್ಮ ತರಗತಿಯಲ್ಲಿ ಎಷ್ಟು ಮಂದಿ? ತೆರೆದ ಕಿಟಕಿಗಳ ವಿಸ್ತೀರ್ಣ ಎಷ್ಟು? ಮೇಲಿನ ಲೆಕ್ಕ ಹಾಕಿ ನೋಡಿ. ನಂತರ ತರಗತಿಯ ಒಳಗೂ ಹೊರಗೆ ನೆರಳಿನಲ್ಲೂ ಉಷ್ಣತಾಮಾಪಕ ಇಟ್ಟು ಉತ್ತರವನ್ನು ತಾಳೆ ನೋಡಿ.